ಬಾಡಿಗೆ ಗಂಟಲು

ಅಕ್ಬರ್ ಪಾಷಾನ ಗಂಟಲಿಗೆ ಪಕ್ಷವಿರಲಿಲ್ಲ. ಯಲಹಂಕದಲ್ಲಿ ಎಲೆಕ್ಷನ್ ಬಂತೆಂದರೆ ಅವನ ಆಟೋದ ಮೇಲೆ ಎರಡು ಮೈಕು ಏರುತ್ತಿದ್ದವು, ಬಾಯಿಗೆ ಒಂದು ಚೂರು ಕಲ್ಲುಸಕ್ಕರೆ ಇಳಿಯುತ್ತಿತ್ತು. ಯಾರು ಮೊದಲು ಗೊತ್ತು ಮಾಡಿದರೋ ಆ ಸಲ ಅವರೇ ‘ನಿಮ್ಮ ನೆಚ್ಚಿನ ಅಭ್ಯರ್ಥಿ’. ಹಾಳೆಯಲ್ಲಿ ಬರೆದುಕೊಟ್ಟದ್ದನ್ನು ಬಿಟ್ಟು ಸ್ವಂತದ್ದೊಂದು ಮಾತು ಸೇರಿಸಿದವನಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಎಂಬುದು ಅವನ ಧರ್ಮ.

2019ರ ಏಪ್ರಿಲ್, ಲೋಕಸಭೆಯ ಚುನಾವಣೆ. ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಓದುತ್ತಿದ್ದ ಮಗಳು ಗಜಾಲಾಗೆ ಅದು ಮೊದಲ ಓಟು. ಊಟಕ್ಕೆ ಕೂತಾಗ ಅವಳು ಅಪ್ಪನ ಹಾಳೆಯನ್ನು ಎಳೆದುಕೊಂಡು ಓದಿದಳು.

"ಅಬ್ಬಾ, ರಸ್ತೆ ಇದೆ, ಫ್ಲೈಓವರ್ ಇದೆ, ದೇಶ ಇದೆ. ಈ ಬಿಸಿಲು ಎಲ್ಲಿ? ಬತ್ತಿರೋ ಬೋರ್‌ವೆಲ್ ಎಲ್ಲಿ? ಹವಾಮಾನ ಕೆಡ್ತಿದೆ ಅಂತ ಒಂದ್ ಸಾಲಾದ್ರೂ ಬೇಡ್ವಾ, ದಿಲ್ಲಿಗೆ ಹೋಗೋರಿಗೆ?"

"ಬರ್ದಿದ್ರೆ ಓದ್ತೀನಿ ಬೇಟಾ. ಬರ್ದಿಲ್ಲ."

ಅವಳೂ ಗೆಳತಿಯರೂ ಭಾನುವಾರ ಸಂಜೆ ಸಹಕಾರನಗರದ ಪಾರ್ಕಿನಲ್ಲಿ ಸಭೆ ಇಟ್ಟುಕೊಂಡಿದ್ದರು. ಎಲ್ಲ ಅಭ್ಯರ್ಥಿಗಳನ್ನೂ ಕರೆದು ಇದನ್ನೇ ಕೇಳುವುದು. ಅಪ್ಪ ನಾಲ್ಕು ಮಾತು ಕೂಗಿ ಜನ ಸೇರಿಸಬೇಕು ಎಂಬುದು ಅವಳ ಆಸೆ. ಪಾಷಾ ಒಪ್ಪಲಿಲ್ಲ. ಆ ಸಲ ಅವನನ್ನು ಗೊತ್ತು ಮಾಡಿದ್ದ ಪಕ್ಷದ ಶಿವರಾಮ್ ಕಡ್ಡಿ ಮುರಿದಂತೆ ಹೇಳಿದ್ದ: ಬೇರೆ ಕಡೆ ಬಾಯಿ ಬಿಟ್ಟರೆ ಬಾಡಿಗೆ ಕ್ಯಾನ್ಸಲ್.

"ಮೈಕ್ ತಂದ್ಕೊಡ್ತೀನಿ. ಗಂಟಲು ಬಾಡಿಗೆಗೆ ಹೋಗಿದೆ ಕಣಮ್ಮ," ಎಂದ. ಗಜಾಲಾ ಹಾಳೆಯನ್ನು ಮಡಚಿ ಅವನ ಕೈಗಿಟ್ಟಳು. ಜಗಳವಾಡಿದ್ದರೂ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಭಾನುವಾರ ಪಾರ್ಕಿನಲ್ಲಿ ಅಭ್ಯರ್ಥಿಗಳ ಸುಳಿವೇ ಇಲ್ಲ. ಒಬ್ಬರ ಕಡೆಯವನು ಬಂದು, ಬ್ಯಾನರ್ ಮುಂದೆ ಸೆಲ್ಫಿ ತೆಗೆದುಕೊಂಡು, ಅರ್ಜೆಂಟ್ ಕೆಲಸವಿದೆ ಎಂದು ಹೊರಟುಹೋದ. ಇಂಥವರಿಗೆ ಅರ್ಜೆಂಟ್ ಇಲ್ಲದ ಕೆಲಸ ಯಾವುದಿದೆಯೋ ದೇವರಿಗೇ ಗೊತ್ತು. ವಾಕಿಂಗಿನವರು ಖಾಲಿ ಕುರ್ಚಿಗಳನ್ನು ನೋಡುತ್ತ ಸುತ್ತು ಹಾಕುತ್ತಿದ್ದರು. ಗಜಾಲಾ ಮೈಕ್ ಹಿಡಿದು "ಹವಾಮಾನ ಬದಲಾವಣೆ..." ಎಂದಳು. ಯಾರೂ ನಿಲ್ಲಲಿಲ್ಲ. ಇನ್ನೊಮ್ಮೆ ಶುರು ಮಾಡಿದಳು, ದನಿ ಏಳಲಿಲ್ಲ.

ಪಾಷಾ ಆಟೋದಿಂದ ಇಳಿದು ಬಂದು ಮಗಳ ಕೈಯಿಂದ ಮೈಕ್ ತೆಗೆದುಕೊಂಡ. ಜೀವಮಾನದಲ್ಲಿ ಮೊದಲ ಸಲ ಅವನ ಕೈಯಲ್ಲಿ ಹಾಳೆಯಿರಲಿಲ್ಲ.

"ಸಹಕಾರನಗರದ ಮಹಾಜನಗಳೇ!" ವಾಕಿಂಗಿನ ಕಾಲುಗಳೆಲ್ಲ ನಿಂತವು. "ನಾನ್ ಚಿಕ್ಕೋನಿದ್ದಾಗ ಯಲಹಂಕದಲ್ಲಿ ಏಪ್ರಿಲ್‌ನಲ್ಲೂ ರಾತ್ರಿ ಹೊದ್ಕೊಂಡ್ ಮಲಗ್ತಿದ್ವಿ. ಈಗ ಫ್ಯಾನ್ ಕೆಳಗೂ ನಿದ್ದೆ ಇಲ್ಲ. ನಾವು ಬೆವರು ಒರೆಸ್ಕೊಂಡ್ ಸುಮ್ನಿದ್ವಿ. ನನ್ ಮಗಳು ಸುಮ್ನಿಲ್ಲ, ಕೇಳ್ತಿದಾಳೆ..."

ಅಲ್ಲಿಗೆ ಸ್ವಂತ ಮಾತು ಮುಗಿಯಿತು. ಗಂಟಲು ಮಾತ್ರ ನಿಲ್ಲಲಿಲ್ಲ. ಇಷ್ಟು ವರ್ಷದ ರೂಢಿ, ತಾನಾಗಿಯೇ ಮುಂದಕ್ಕೆ ಓಡಿತು. "ಆದ್ದರಿಂದ ಬಂಧುಗಳೇ, ನಿಮ್ಮ ಅಮೂಲ್ಯವಾದ ಮತವನ್ನು ಸರಳ ಸಜ್ಜನಿಕೆಯ, ನಿಮ್ಮ ಮನೆಮಗಳು ಗಜಾಲಾ ಅವರಿಗೇ ನೀಡಿ, ಪ್ರಚಂಡ ಬಹುಮತದಿಂದ ಆರಿಸಿ ದಿಲ್ಲಿಗೆ ಕಳಿಸಬೇಕಾಗಿ ವಿನಂತಿ!"

ಪಾರ್ಕಿನ ತುಂಬ ನಗುವೋ ನಗು. ಪಾಷಾ ನಾಲಿಗೆ ಕಚ್ಚಿಕೊಂಡ. ಸೊಪ್ಪು ಮಾರುವ ಮುದುಕಿ ಮುನಿಕೆಂಪಮ್ಮ ಬುಟ್ಟಿ ಇಳಿಸಿ, ಮೊದಲ ಸಾಲಿನಲ್ಲಿ ಕುಳಿತು, ಗಂಭೀರವಾಗಿ ಕೇಳಿದಳು: "ಗುರ್ತು ಯಾವ್ದಪ್ಪ ನಿನ್ ಮಗಳ್ದು?"

ಗಜಾಲಾ ನಗುತ್ತಲೇ ಕಣ್ಣೊರೆಸಿಕೊಂಡಳು. "ಗುರ್ತಿಲ್ಲ ಅಜ್ಜಿ, ಬರೀ ಪ್ರಶ್ನೆ ಇದೆ. ಕೇಳಿ, ಹೇಳ್ತೀನಿ."

ಈಗ ದನಿ ಎದ್ದಿತು. ಕುರ್ಚಿಗಳೆಲ್ಲ ತುಂಬಿದವು ಎಂದರೆ ಸುಳ್ಳಾದೀತು. ಆದರೆ ಕೂತವರು ಯಾರೂ ಎದ್ದು ಹೋಗಲಿಲ್ಲ. ಓಟು ಕೇಳಲು ಯಾರೇ ಬರಲಿ, ಮೊದಲು ಇದನ್ನೇ ಕೇಳುತ್ತೇವೆ ಎಂದು ಕೊನೆಗೆ ಮಾತು ಕೊಟ್ಟರು.

ಮೈಕ್ ಬಿಚ್ಚುವಾಗ ಪಾಷಾನ ಫೋನ್ ಬಡಿದುಕೊಂಡಿತು. ಶಿವರಾಮ್. ಸುದ್ದಿ ಆಗಲೇ ಮುಟ್ಟಿತ್ತು. "ಆಯ್ತು ಸ್ವಾಮಿ," ಎಂದಷ್ಟೇ ಹೇಳಿ ಪಾಷಾ ಫೋನ್ ಇಟ್ಟ.

"ಬಾಡಿಗೆ ಹೋಯ್ತಾ ಅಬ್ಬಾ?" ಮಾತಾಡಿ ಮಾತಾಡಿ ಗಜಾಲಾಳ ಗಂಟಲು ಕಟ್ಟಿತ್ತು.

ಪಾಷಾ ಜೇಬಿನಿಂದ ಪೊಟ್ಟಣ ತೆಗೆದು, ಒಂದು ಚೂರು ಕಲ್ಲುಸಕ್ಕರೆಯನ್ನು ಮಗಳ ಬಾಯಿಗಿಟ್ಟ.

"ಹೋಯ್ತು. ಚಪ್ಪರಿಸು. ನಾಳೆ ಯಲಹಂಕದಲ್ಲಿ ಮಾತಾಡೋದಿದೆ, ಗಾಡಿ ಖಾಲಿ ಇದೆ."