ಹೆಜ್ಜೆ ಒರೆಸುವ ಅಮರಪ್ಪನವರು

ಅಮರಪ್ಪನವರು ತಮ್ಮ ಮನೆಯೊಳಗೆ ಹಿಂದು ಹಿಂದಕ್ಕೆ ನಡೆಯುತ್ತಾರೆ. ಬಲಗಾಲ ಕೆಳಗೆ ಒಂದು ಒದ್ದೆ ಅರಿವೆ, ಎಡಗಾಲು ಬರಿದು. ಎಡಗಾಲು ಮೂಡಿಸಿದ ಗುರುತನ್ನು ಬಲಗಾಲು ಅಳಿಸುತ್ತ, ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ತಲಬಾಗಿಲಿಗೆ, ದರ್ಬಾರಿಗೆ ಬೆನ್ನು ತೋರದೆ ನಿರ್ಗಮಿಸುವ ಹಳೆಯ ಕಾಲದ ರಾಯಭಾರಿಯಂತೆ ಅವರು ಸರಿಯುತ್ತ ಬರುವುದನ್ನು ಮೊದಲ ಸಲ ಕಂಡವರಿಗೆ ನಗು ಬರುತ್ತದೆ. ನನಗೂ ಬಂದಿತ್ತು. ಈಗ ಬರುವುದಿಲ್ಲ.

ಅವರು ಸರಕಾರಿ ಪ್ರವಾಸಿ ಮಂದಿರವೊಂದರಲ್ಲಿ ಮೇಟಿಯಾಗಿದ್ದು ನಿವೃತ್ತರಾದವರು. ಸಾಹೇಬರು ಬರುತ್ತಾರೆಂದು ಫೋನು ಬಂದ ಕೂಡಲೇ ಕೋಣೆ ಗುಡಿಸಿ, ಹಾಸಿಗೆಗೆ ಬಿಳಿ ಚಾದರ ಹಾಸಿ, ಹೂಜಿಯ ನೀರು ಬದಲಿಸಿ, ಕೋಳಿಗೆ ಹೇಳಿಕಳಿಸಿ, ಅಷ್ಟರೊಳಗೆ ತಾನೂ ಗಡ್ಡ ಹೆರೆದುಕೊಂಡು ಬಾಗಿಲಲ್ಲಿ ಕೈಮುಗಿದು ನಿಲ್ಲುವುದು ಮೇಟಿಯ ಧರ್ಮ. ಈ ಧರ್ಮವನ್ನು ಯಾದಗಿರಿ ಸೀಮೆಯ ಸಮಸ್ತ ಮೇಟಿಗಳಿಗಿಂತ ತಾವು ಒಂದು ಕೈ ಹೆಚ್ಚಾಗಿಯೇ ಪಾಲಿಸಿದ್ದೇವೆಂಬುದು ಅವರ ಹೇಳಿಕೆ. ಅದಕ್ಕೆ ಸಾಕ್ಷಿಯೂ ಅವರೇ. ಬಂದ ಸಾಹೇಬರಿಗಿಂತ ಬಾರದ ಸಾಹೇಬರ ಕಥೆಗಳೇ ಅವರಲ್ಲಿ ಹೆಚ್ಚು. ಒಮ್ಮೆ ಯಾರೋ ಬಹು ದೊಡ್ಡ ಅಧಿಕಾರಿಗಾಗಿ ಪರದೆಗಳನ್ನು ಕೂಡ ಒಗೆಸಿ, ಗಂಜಿ ಹಾಕಿಸಿ ಕಾದರೆ, ಕಾರು ನಿಲ್ಲದೆ ಹತ್ತಿಕುಣಿಯ ಕೆರೆ ನೋಡಲು ಹೋಗಿಬಿಟ್ಟಿತಂತೆ. ಇದನ್ನು ಹೇಳುವಾಗ ಅವರ ಮುಖದಲ್ಲಿ ವಿಷಾದದ ಎಳೆಯೂ ಇರುವುದಿಲ್ಲ.

“ನಮ್ಮ ಗೇಟಿನ ಮುಂದ ಗಾಡಿ ಸ್ಲೋ ಮಾಡ್ಸಿದ್ರು ಮಾಸ್ತರ್ರ. ಗ್ಲಾಸ್ ಇಳಿಸಿ ನೋಡಿದ್ರು. ನಾವು ತಯ್ಯಾರ್ ಇದ್ದಿವಿ.”

‘ತಯ್ಯಾರ್’ ಎಂಬುದು ಅವರ ಮಾತಿನ ಪೂರ್ಣವಿರಾಮ. ಆ ಮಾತಿಗೆ ತಕ್ಕಂತೆ ಒಂದು ಕರಿಯ ಕೋಟೂ ಇದೆ. ನಿವೃತ್ತಿಯ ದಿನದ ಫೋಟೋಕ್ಕಾಗಿ ಹೊಲಿಸಿದ್ದು, ತೋಳು ಬೆರಳ ತುದಿ ಮುಟ್ಟುವಷ್ಟು ಉದ್ದ. ಅದನ್ನು ತೊಟ್ಟಾಗ ಅವರಿಗೆ ಕೈಗಳಿರುವುದೇ ಕಾಣುವುದಿಲ್ಲ.

ಸುರಪುರದ ಬಂಡೆಗಳ ಇಳಿಜಾರಿನಲ್ಲಿ ಅವರ ಮನೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತವನಿಗೆ ಕಾಣಬೇಕೆಂಬ ಏಕಮೇವ ವಾಸ್ತುಶಾಸ್ತ್ರದ ಪ್ರಕಾರ ಕಟ್ಟಿಸಿದ್ದು. ಕಾಣುತ್ತದೆ, ನಿಜ. ಆದರೆ ಕಂಡಷ್ಟು ಸುಲಭವಾಗಿ ಮುಟ್ಟಲಾಗುವುದಿಲ್ಲ. ಕಲ್ಲಿನ ಪಾವಟಿಗೆಗಳು ಏರುತ್ತ, ತಿರುಗುತ್ತ, ಮತ್ತೆ ಏರುತ್ತವೆ. ಅವು ಎಷ್ಟೆಂದು ನನಗೆ ತಿಳಿಯದು. ಅರ್ಧಕ್ಕೆ ಬರುವಷ್ಟರಲ್ಲಿ ಎಣಿಕೆ ತಪ್ಪಿ, ಉಳಿದರ್ಧದಲ್ಲಿ ದೇವರ ನೆನಪಾಗುತ್ತದೆ. ಹರೆಯದಲ್ಲಿ ಈ ಪಾವಟಿಗೆಗಳನ್ನು ತಲೆಯ ಮೇಲೆ ಕೊಡ ಹೊತ್ತು ಏರಿದ ಅವರ ಹೆಂಡತಿ ಮೌನಮ್ಮನವರ ಮೊಣಕಾಲು ಈಗ ಮಡಚುವುದಿಲ್ಲ. ಕಡೆಯ ಸಲ ಕೆಳಗಿಳಿದದ್ದು ತಂಗಿಯ ಮಗಳ ಮದುವೆಗೆ, ಕುರ್ಚಿಯಲ್ಲಿ ಕೂತು, ನಾಲ್ವರ ಹೆಗಲ ಮೇಲೆ. “ಹೆಣಾ ಹೊತ್ತಂಗ ಹೊತ್ತಾರ ನೋಡ್ರಿ,” ಎಂದು ನಕ್ಕು, ಮತ್ತೆಂದೂ ಇಳಿಯಲು ಒಪ್ಪಲಿಲ್ಲ.

ಆಕೆಗೆ ಬೇಕಾದದ್ದು ಒಂದು ಕಟ್ಟೆ. ವಡಗೇರಾದಲ್ಲಿ ತಂಗಿ ಯಂಕಮ್ಮನ ಮನೆಯ ಮಗ್ಗುಲಿಗೆ ಎರಡು ಖೋಲಿಯ ಮನೆಯೊಂದು ಮಾರಾಟಕ್ಕಿದೆ; ರಸ್ತೆಗೆ ಸಮ, ಮುಂದೆ ಕಲ್ಲಿನ ಕಟ್ಟೆ. “ಅದರ ಮ್ಯಾಲ ಕುಂತು ಬಸ್ಸಿಗಿ ಹೋಗೋ ಮಂದೀನ ನೋಡ್ಬೇಕ್ರಿ, ಅಷ್ಟ. ನಾ ಎಲ್ಲೂ ಹೋಗಂಗಿಲ್ಲ. ಹೋಗೋರನ್ನ ನೋಡ್ತೀನಿ.” ಇಷ್ಟು ಸಣ್ಣ ಆಸೆಯನ್ನು ನಾನು ಬೇರಾರಲ್ಲೂ ಕಂಡಿಲ್ಲ. ಆದರೆ ಆ ಮನೆ ಕೊಳ್ಳಲು ಈ ಮನೆ ಮಾರಬೇಕು. ಅಲ್ಲಿಯ ತನಕ ಬಾಡಿಗೆಗೆ ಹೋಗಿ ಎಂದು ನಾನೊಮ್ಮೆ ಅಂದದ್ದಕ್ಕೆ ಅಮರಪ್ಪನವರು, ಎಂಜಲೆಲೆ ತೋರಿಸಿದಂತೆ ನನ್ನನ್ನು ನೋಡಿದರು. “ಬಾಡಿಗಿ ಮನ್ಯಾಗ? ನಾನು?”

ದಲ್ಲಾಳಿ ನಸೀರುದ್ದೀನ ಮೊಬೈಲ್ ರಿಪೇರಿ ಅಂಗಡಿಯವನು. ಮನೆ, ಎಮ್ಮೆ, ಹಳೆಯ ಟ್ರ್ಯಾಕ್ಟರು ಎಲ್ಲವನ್ನೂ ಒಂದೇ ವಾತ್ಸಲ್ಯದಿಂದ ಮಾರಿಸಿಕೊಡುತ್ತಾನೆ. ಅವನ ಫೋನು ಹೊತ್ತುಗೊತ್ತಿಲ್ಲದೆ ಬರುತ್ತದೆ. “ಮೇಟಿ ಸಾಬ್, ಪಾರ್ಟಿ ಅದ. ನನ್ನ ಅಂಗಡ್ಯಾಗ ಚಹಾ ಕುಡ್ಯಾಕತ್ತಾರ. ಕಪ್ಪು ಇಟ್ಟ್ರಂದ್ರ ಹೊಂಟ್ವಿ.” ಚಹಾ ಆರುವಷ್ಟರಲ್ಲಿ ಅಮರಪ್ಪನವರು ಸಂಸಾರವನ್ನು ಅಳಿಸುತ್ತಾರೆ. ಮಲಗುವ ಹೊರಸು ಗೋಡೆಯ ಹಿಂದೆ ಹೋಗುತ್ತದೆ, ಹಗ್ಗದ ಮೇಲಿನ ಸೀರೆ ಹೋಗುತ್ತದೆ, ಗುಳಿಗೆಯ ಡಬ್ಬಿ, ಬಾಚಣಿಕೆ, ಚಪ್ಪಲಿ, ಊರುಗೋಲು ಎಲ್ಲ ಹೋಗುತ್ತವೆ; ನೋವಿನೆಣ್ಣೆಯ ವಾಸನೆ ಅಡಗಲೆಂದು ಲೋಬಾನ ಏಳುತ್ತದೆ; ಶಹಾಬಾದಿ ಫರಸಿಯ ನೆಲದ ಮೇಲೆ ನೀರು ಬೀಳುತ್ತದೆ. ಎಲ್ಲಕ್ಕೂ ಕಡೆಗೆ ಮೌನಮ್ಮನವರು. ಪಾವಟಿಗೆ ಇಳಿಯಲಾರದ ಹೆಂಗಸನ್ನು ಕಂಡರೆ ಪಾರ್ಟಿಗೆ ತಮ್ಮ ಮುಪ್ಪು ನೆನಪಾಗುತ್ತದೆಂದು, ಆಕೆಯನ್ನು ಕೈಹಿಡಿದು ಸಾಮಾನಿನ ಖೋಲಿಯಲ್ಲಿ, ಜೋಳದ ಚೀಲದ ಮೇಲೆ ಕೂಡಿಸಿ ಬಾಗಿಲು ಮುಂದಕ್ಕೆಳೆಯುವುದು. ಆಮೇಲೆ ಹಿಂದು ಹಿಂದಕ್ಕೆ ನಡೆದು ಹೆಜ್ಜೆ ಒರೆಸಿ, ಕೋಟು ತೊಟ್ಟು, ತಯ್ಯಾರ್.

ಪಾವಟಿಗೆಯ ಬುಡದಲ್ಲಿ ಬಾಡಿಗೆಗಿರುವ ನನಗೂ ಒಂದು ಹುದ್ದೆ ದಯಪಾಲಿಸಲಾಗಿದೆ. “ನೀವು ಕಾಲೇಜಿನ್ಯಾಗ ಪಾಠಾ ಹೇಳೋರು, ಮಾತಿಗೇನು ಬರ ಇಲ್ಲ. ಪಾರ್ಟಿನ್ನ ಮಾತಾಡಿಸ್ಕೋತ ಮ್ಯಾಲ ಕರಕೊಂಡ್ ಬರ್ರಿ. ಪಾವಟಿಗಿ ಎಣಸಾಕ ಬಿಡಬ್ಯಾಡ್ರಿ.” ತೊಗರಿಯ ದರ, ಕಾಲುವೆಯ ನೀರು, ಬಿಸಿಲು ಎಂದು ನಾನು ಒದರುತ್ತ ಏರುತ್ತೇನೆ, ಅರ್ಧದಲ್ಲಿ ನನಗೇ ಏದುಸಿರು ಹತ್ತಿ ಮಾತು ನಿಂತು, ಆ ನಿಶ್ಶಬ್ದದಲ್ಲಿ ಪಾರ್ಟಿಗಳು ತಿರುಗಿ ಕೆಳಗೆ ನೋಡುತ್ತಾರೆ. ಅಲ್ಲಿಗೆ ವ್ಯಾಪಾರ ಮುಗಿದಿರುತ್ತದೆ. ಆದರೂ ಮನೆಯೆಲ್ಲ ನೋಡಿ, ಚಹಾ ಕುಡಿದು, “ಯಾಕ ಮಾರಾಕತ್ತೀರಿ?” ಎಂದು ಕೇಳಿಯೇ ಹೋಗುತ್ತಾರೆ. ಈ ಪ್ರಶ್ನೆಗೆ ಮಾತ್ರ ಅಮರಪ್ಪನವರಲ್ಲಿ ತಯಾರಿ ಇರಲಿಲ್ಲ. ಒಮ್ಮೆ “ಸುಮ್ನ” ಎಂದರು. ಇನ್ನೊಮ್ಮೆ “ಗಾಳಿ ಹೆಚ್ಚಾತು” ಎಂದರು.

ಹೋದ ಬೇಸಿಗೆಯಲ್ಲಿ ಕೆಂಭಾವಿಯಿಂದ ಬೇಳೆ ವ್ಯಾಪಾರಿ ಬಸವಂತ್ರಾಯ ಮತ್ತು ಅವರ ಹೆಂಡತಿ ಶಾಂತಾದೇವಿ ಬಂದರು. ಇವರು ಪಾವಟಿಗೆಗೆ ಹೆದರದ ಗಟ್ಟಿ ಕುಳಗಳು. ಅಂದು ಅಮರಪ್ಪನವರ ಸಿದ್ಧತೆ ಪರಾಕಾಷ್ಠೆ ಮುಟ್ಟಿತ್ತು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಗೋಡೆಗೆ ಹಸಿ ಸುಣ್ಣ. ಕ್ಯಾಲೆಂಡರು, ದೇವರ ಪಟ ಎಲ್ಲ ತೆಗೆದು, ದೀಪದ ಗೂಡಿನ ಮೇಲೆ ಸುಣ್ಣಕ್ಕೂ ಮುಚ್ಚಲಾಗದೆ ಉಳಿದಿದ್ದ ಒಂದು ತೇವದ ಕಲೆಯನ್ನು ಮರೆಮಾಡಲು ಇದ್ದುದರಲ್ಲಿ ದೊಡ್ಡ ಚೌಕಟ್ಟನ್ನು ತೂಗುಹಾಕಿದ್ದರು. ಅದು ಮೌನಮ್ಮನವರ ಫೋಟೋ. ಕೆಳಗೆ ದೀಪ. ತೊಳೆದ ನೆಲ, ಹೊಸ ಸುಣ್ಣ, ಲೋಬಾನದ ಹೊಗೆ, ಗೋಡೆಯ ಮೇಲೆ ಒಬ್ಬಳೇ ಹೆಂಗಸು, ಮನೆಯಲ್ಲಿ ಹೆಂಗಸಿನ ಸುಳಿವಿಲ್ಲ, ಬಾಗಿಲಲ್ಲಿ ಕರಿ ಕೋಟು ತೊಟ್ಟು ಕೈಮುಗಿದ ಗಂಡಸು. ಸೂತಕ ಕಳೆದ ಮನೆಯನ್ನು ನಮ್ಮ ಕಡೆ ಹೀಗೇ ತೊಳೆದು ಸುಣ್ಣ ಬಳಿಯುತ್ತಾರೆ.

ಶಾಂತಾದೇವಿ ಫೋಟೋದ ಮುಂದೆ ನಿಂತರು. ಸೆರಗು ತಲೆಯ ಮೇಲೆಳೆದು ಕೈಮುಗಿದರು.

“ಪಾಪ, ಯಾವಾಗ ತೀರ್ಕೊಂಡ್ರು?”

ಅಮರಪ್ಪನವರು ಬಾಯಿ ತೆರೆದರು. ನಾನು ನೋಡುತ್ತಿದ್ದೆ; ‘ಇಲ್ಲ’ ಎಂಬ ಅಕ್ಷರ ತುಟಿಯ ತನಕ ಬಂದಿತ್ತು. ಆದರೆ ಬಸವಂತ್ರಾಯರು ಆಗಲೇ ತಲೆಯಾಡಿಸುತ್ತ, “ಅದಕ್ಕ ಮಾರಾಕತ್ತಾರೇಳು. ಒಬ್ಬರ ಇಷ್ಟ್ ದೊಡ್ಡ ಮನ್ಯಾಗ ಹೆಂಗ ಇರೂದು?” ಎಂದುಬಿಟ್ಟರು. ಇಷ್ಟು ದಿನ ಸಿಗದ ಉತ್ತರ, ಯಾರಿಗೂ ಅನುಮಾನ ಬರದ ಉತ್ತರ, ಬೇರೆಯವರ ಬಾಯಿಂದ ತಾನಾಗಿ ಬಂದು ನಿಂತಿತ್ತು. ಅಮರಪ್ಪನವರು ಬಾಯಿ ಮುಚ್ಚಿದರು. ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು. ಅದು ನಾಟಕವಾಗಿರಲಿಲ್ಲ ಎಂಬುದೇ ಇಂದಿಗೂ ನನಗೆ ಅರಗದ ಸಂಗತಿ.

“ಮುತ್ತೈದಿಯಾಗಿ ಹೋಗ್ಯಾರ, ಪುಣ್ಯವಂತ್ರು,” ಎಂದರು ಶಾಂತಾದೇವಿ. “ಫೋಟೋದಾಗಿನ ಮಾರಿ ನೋಡ್ರಿ, ಎಷ್ಟು ಶಾಂತ ಅದ.”

ಸಾಮಾನಿನ ಖೋಲಿಯ ಬಾಗಿಲು ಅವರಿಂದ ಮೂರು ಮಾರು ದೂರವೂ ಇರಲಿಲ್ಲ. ಒಳಗಿನಿಂದ ಕೆಮ್ಮಿನ ಸದ್ದೂ ಬರಲಿಲ್ಲ.

ಅವರು ಇಳಿದುಹೋದ ಮೇಲೆ ಬಾಗಿಲು ತೆರೆದವನು ನಾನು. ಮೌನಮ್ಮನವರು ಚೀಲದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. “ಕೆಮ್ಮು ಬಂದಿತ್ರಿ ಮಾಸ್ತರ್ರ, ನುಂಗಿದೆ,” ಎಂದರು. ಆಮೇಲೆ, “ಛಲೋ ಮಾತಾಡಿದ್ಲಲ್ಲ ಆಕಿ? ಇದ್ದಾಗ ಯಾರೂ ಹಂಗ ಅಂದಿದ್ದಿಲ್ಲ.” ಗಂಡನ ಕಡೆ ತಿರುಗಿ, “ಯಾಕ್ರಿ, ನಾ ಸತ್ತಾಗ ದಿನದ ಊಟಕ್ಕ ಸಿರಾ ಮಾಡ್ಸಿದ್ರೋ ಇಲ್ಲೋ?” ಎಂದರು. ಅಮರಪ್ಪನವರು ಒದ್ದೆ ಅರಿವೆ ಹುಡುಕುತ್ತಿದ್ದರು.

ಮರುದಿನ ನಸೀರುದ್ದೀನ ಬುಸುಗುಡುತ್ತ ಏರಿ ಬಂದ. “ಮೇಟಿ ಸಾಬ್, ಭಾಭಿ ಹೋದ ಸುದ್ದಿ ನನಗ್ಯಾಕ ಹೇಳ್ಲಿಲ್ಲ? ಮಣ್ಣಿಗರೆ ಬರ್ತಿದ್ದೆ!” ಎನ್ನುವಷ್ಟರಲ್ಲಿ ಭಾಭಿ ಚಹಾ ಕಾಸುತ್ತಿರುವುದನ್ನು ಕಂಡು ಅಲ್ಲೇ ಕುಸಿದು ಕೂತ. ಚೇತರಿಸಿಕೊಂಡು ವಿಷಯ ತಿಳಿಸಿದ: ಮನೆ ಪಸಂದಾಗಿದೆ, ಪಾವಟಿಗೆಗೂ ತಕರಾರಿಲ್ಲ. ಆದರೆ ಈಗೀಗ ಸಾವಾದ ಮನೆಯನ್ನು ವರ್ಷಾಂತಿಕ ಮುಗಿಯುವ ತನಕ ಮುಟ್ಟುವುದು ಬೇಡವೆಂದು ಶಾಂತಾದೇವಿ ಹಟ ಹಿಡಿದಿದ್ದಾರೆ. ವರ್ಷ ಕಳೆದ ಮೇಲೆ ಖಂಡಿತ ಬರುತ್ತಾರೆ.

ನಿಜ ಹೇಳಿಬಿಡೋಣ ಎಂದೆ ನಾನು. “ಈಗ ಹೇಳಿದ್ರ ಸುಳ್ಳಬುರುಕರ ಮನಿ ಅಂತಾರ. ಇದ್ದೊಂದು ಪಾರ್ಟಿನೂ ಹೋಗ್ತದ,” ಎಂದ ನಸೀರುದ್ದೀನ. ಅಮರಪ್ಪನವರು ಬಸ್‌ಸ್ಟ್ಯಾಂಡಿನ ಕಡೆ ನೋಡುತ್ತ, ಕಾರು ನಿಧಾನವಾದದ್ದನ್ನು ಹೇಳುವ ಅದೇ ದನಿಯಲ್ಲಿ ಹೇಳಿದರು: “ಪಾರ್ಟಿ ಪಕ್ಕಾ ಅದ ಮಾಸ್ತರ್ರ. ವರ್ಷ ತುಂಬೂದೊಂದ ಬಾಕಿ.”

ಅಂದಿನಿಂದ ಬದುಕಿರುವ ಹೆಂಡತಿಯ ವರ್ಷಾಂತಿಕಕ್ಕೆ ಕಾಯುತ್ತಿದ್ದಾರೆ ಅವರು. ಕೆಂಭಾವಿಯವರು ಕೆಳಗಿನ ಬಸ್‌ಸ್ಟ್ಯಾಂಡಿಗೆ ಬಂದುಹೋಗುತ್ತಿರುತ್ತಾರಾದ್ದರಿಂದ ಮೌನಮ್ಮನವರು ಕಿಟಕಿಗೆ ಬರುವುದನ್ನು ಬಿಟ್ಟಿದ್ದಾರೆ. ಮೊನ್ನೆ ಮಧ್ಯಾಹ್ನ ಹೋದಾಗ ಯಾವ ಪಾರ್ಟಿಯೂ ಇರಲಿಲ್ಲ, ಫೋನೂ ಬಂದಿರಲಿಲ್ಲ. ಆದರೂ ಆಕೆ ಸಾಮಾನಿನ ಖೋಲಿಯಲ್ಲೇ ಇದ್ದರು. ಜೋಳದ ಚೀಲದ ಮೇಲೆ ಈಗ ಒಂದು ಕೌದಿ ಹಾಸಿದೆ.

“ಹೊರಗ ಬರ್ರಿ, ಇವತ್ತು ಯಾರೂ ಬರೂದಿಲ್ಲ,” ಎಂದೆ.

“ಇರ್ಲಿ ಬಿಡ್ರಿ ತಮ್ಮಾ. ಯಾರರೆ ಬಂದ್ರಂದ್ರ ಮತ್ತ ಎದ್ದು ಬರೂದು ತ್ರಾಸ. ಇಲ್ಲೇ ರೂಢಿ ಆಗ್ಯದ.” ಕೌದಿಯ ಅಂಚು ಸರಿಪಡಿಸುತ್ತ ಕೇಳಿದರು: “ವಡಗೇರಾದ ಆ ಮನಿ ಇನ್ನೂ ಖಾಲಿನ ಅದ ಏನ್ರಿ?”

ಅದು ಮಾರಿಹೋಗಿದೆಯೆಂದು ಯಂಕಮ್ಮ ನನಗೆ ಫೋನಿನಲ್ಲಿ ಹೇಳಿದ್ದಳು. ಆದರೂ “ಅದ,” ಎಂದೆ.

ಅಮರಪ್ಪನವರಂಥವರು ಕೆಟ್ಟವರಲ್ಲ. ಪ್ರತಿ ಊರಿನಲ್ಲೂ, ಬಹುಶಃ ಪ್ರತಿ ಮನೆಯಲ್ಲೂ ಇಂಥವರೊಬ್ಬರಿರುತ್ತಾರೆ. ಬರಲಿರುವವರ ಕಣ್ಣಿಗೆ ಚೆಂದ ಕಾಣಲೆಂದು ಇರುವವರನ್ನು ಮೆಲ್ಲಗೆ ಒಳಗೆ ಸರಿಸುತ್ತ, ಅದನ್ನೇ ಅವರಿಗಾಗಿ ಮಾಡುತ್ತಿದ್ದೇವೆಂದು ಮನಸಾರೆ ನಂಬಿದವರು. ಅವರು ಕಾಯುವ ಕಾರು ಎಂದೂ ನಿಲ್ಲುವುದಿಲ್ಲ. ಗೇಟಿನ ಮುಂದೆ ಕೊಂಚ ನಿಧಾನವಾಗುತ್ತದೆ, ಅಷ್ಟಕ್ಕೇ ಅವರ ಆಯುಷ್ಯ ಕಳೆಯುತ್ತದೆ. ನಾನು ಹೊರಡುವಾಗ ಅವರು ನನ್ನ ಹಿಂದೆಯೇ, ಬೆನ್ನು ನನ್ನ ಕಡೆ ಮಾಡಿ, ನನ್ನ ಹೆಜ್ಜೆಗಳನ್ನೂ ತಮ್ಮವನ್ನೂ ಒರೆಸುತ್ತ ಬಾಗಿಲ ತನಕ ಬಂದರು. ಫರಸಿ ಕನ್ನಡಿಯಂತೆ ಹೊಳೆಯುತ್ತಿತ್ತು. ಆ ಮನೆಯಲ್ಲಿ ಯಾರೂ ಇದ್ದಂತೆ ಕಾಣಲಿಲ್ಲ.