ಕೊಸರು ಎಣ್ಣೆ

ಎಂಜಿನ್ನಿನಿಂದ ಬಿಚ್ಚಿದ ಸ್ಪಾರ್ಕ್ ಪ್ಲಗ್ಗನ್ನು ನೂರ್ ಅಹಮ್ಮದ್ ಎಂದೂ ಕೂಡಲೇ ಒರೆಸುತ್ತಿರಲಿಲ್ಲ. ಮೊದಲು ಬಿಸಿಲಿಗೆ ಹಿಡಿದು ಅದರ ಮೂತಿ ನೋಡುತ್ತಿದ್ದ. ಮೂತಿ ಇಟ್ಟಿಗೆ ಬಣ್ಣಕ್ಕಿದ್ದರೆ ಎಂಜಿನ್ ಸುಖವಾಗಿದೆ. ಸುಣ್ಣ ಬಳಿದಂತೆ ಬಿಳಿಚಿಕೊಂಡಿದ್ದರೆ ವಿಪರೀತ ಕಾಯುತ್ತಿದೆ. ಕರ್ರಗೆ, ಒದ್ದೊದ್ದೆಯಾಗಿದ್ದರೆ ಎಣ್ಣೆ ಹೆಚ್ಚಾಗಿ ಉಸಿರು ಕಟ್ಟುತ್ತಿದೆ. ಚಳ್ಳಕೆರೆಯಲ್ಲಿ ಗ್ಯಾರೇಜು ಇಟ್ಟ ಇಪ್ಪತ್ತೆರಡು ವರ್ಷಗಳಲ್ಲಿ ಈ ಲೆಕ್ಕ ಅವನಿಗೆ ತಪ್ಪಿದ್ದಿಲ್ಲ.

ತೊಂಬತ್ತೆಂಟನೇ ಇಸವಿಯ ಕಾರ್ತಿಕದ ಒಂದು ಬೆಳಿಗ್ಗೆ ದೊಡ್ಡಉಳ್ಳಾರ್ತಿಯ ರಾಜಣ್ಣ ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ತನ್ನ ಹಳೇ ರಾಜದೂತ್ ಬೈಕನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿದ. ಹಿಂದೆ ಕೂತಿದ್ದ ಅವನ ಅಪ್ಪ ದೊಡ್ಡೀರಪ್ಪ ಕಂಬಳಿ ಸರಿಮಾಡಿಕೊಳ್ಳುತ್ತ ಇಳಿದು ಬೆಂಚಿನ ತುದಿಗೆ ಕುಳಿತ. ರಾಜಣ್ಣ ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದ.

“ನೂರಣ್ಣ, ಹಳೇ ಪ್ಲಗ್ ಬಿಸಾಕಿ ಇದನ್ನ ಹಾಕು. ಫಾರಿನ್ದು. ಮೊಳಕಾಲ್ಮೂರಿನ ನಮ್ಮ ಭಾವ ಬಳ್ಳಾರಿಯಿಂದ ತರಿಸಿಕೊಟ್ಟ. ಗಾಡಿ ಕುದುರೆ ಆಗತೈತಂತೆ.”

“ಆಗಲಿ ಬಿಡು. ಮೇಯಾಕೆ ನಿಮ್ಮೂರ ಕಾವಲಿನ ಹುಲ್ಲು ಐತಲ್ಲ.”

ರಾಜಣ್ಣ ನಗಲಿಲ್ಲ. ಅವನು ನಕ್ಕು ಮೂರು ತಿಂಗಳಾಗಿತ್ತು. ಶ್ರಾವಣದಲ್ಲಿ ಅವನ ತಾಯಿ ತಿಪ್ಪೇರುದ್ರಮ್ಮನಿಗೆ ಎದೆನೋವು ಬಂದಾಗ ಇದೇ ಗಾಡಿಯ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಿದ್ದ. ಕಾವಲಿನ ಹುಲ್ಲುಗಾವಲ ನಡುವೆ ಗಾಡಿ ನಿಂತಿತು. ಬೇರೆ ಗಾಡಿ ಬರುವ ಹೊತ್ತಿಗೆ ಒಂದು ಗಂಟೆ ಕಳೆಯಿತು. ಆಸ್ಪತ್ರೆ ಮುಟ್ಟುವ ಮುಂಚೆಯೇ ಆಕೆ ಹೋಗಿದ್ದಳು. ಆಮೇಲೆ ಪ್ಲಗ್ಗು ಬದಲಾಯಿಸಿ ರಾಜಣ್ಣ ಗಾಡಿಯನ್ನು ತಾನೇ ಎಬ್ಬಿಸಿದ್ದ. ಈ ಕಡೆ ಬಂದದ್ದು ಇವತ್ತೇ.

“ಆವತ್ತು ಪ್ಲಗ್ ಕೈಕೊಡ್ತು. ಇನ್ನೊಂದು ಸಲ ಕೊಡಬಾರ್ದು,” ಎಂದ ರಾಜಣ್ಣ. “ನಮ್ಮನೆಯಾಕೆ ಗಂಗಲಕ್ಷ್ಮಿಗೆ ಈ ಹುಣ್ಣಿಮೆಗೆ ದಿನ ತುಂಬ್ತಾವೆ. ಊರಾಗೆ ನಾನು ನಂಬಿರೋದು ಇದೊಂದೇ ಗಾಡಿ.”

“ಪ್ಲಗ್ ಅಂದ್ರೆ ಬೆಂಕಿಕಡ್ಡಿ ಕಣೋ. ಒಲೆ ಹಚ್ಚತೈತೆ, ಅಷ್ಟೆ. ಬೆಳ್ಳಿ ಕಡ್ಡೀಲಿ ಹಚ್ಚಿದ್ರೆ ಅನ್ನ ಬೇಗ ಬೇಯ್ತದಾ?”

“ಹಂಗಾದ್ರೆ ಆವತ್ತು ಯಾಕೆ ನಿಂತಿತು?”

ನೂರ್ ಅಹಮ್ಮದ್ ಎಂಜಿನ್ನಿನ ಹತ್ತಿರ ಅಂಗೈ ಹಿಡಿದು ಬಿಸಿ ನೋಡಿದ. “ಎಂಜಿನ್ ಆರಲಿ, ಬಿಚ್ಚಿ ನೋಡ್ತೀನಿ. ಹೋಗು, ಮೂರು ಟೀ ತಗೊಂಡು ಬಾ,” ಎಂದ.

ರಾಜಣ್ಣ ಹೋದ ಮೇಲೆ ಪ್ಲಗ್ಗು ಬಿಚ್ಚಿ ಬಿಸಿಲಿಗೆ ಹಿಡಿದ. ಮೂರೇ ತಿಂಗಳ ಪ್ಲಗ್ಗು. ಮೂತಿ ಕಾಡಿಗೆ ಮೆತ್ತಿದಂತಿತ್ತು. ಬೆರಳಿಗೆ ಎಣ್ಣೆ ಹತ್ತಿತು.

“ಯಜಮಾನ್ರೇ, ಪೆಟ್ರೋಲಿಗೆ ಎಣ್ಣೆ ಬೆರೆಸೋದು ಯಾರು?”

“ನಾನೇ ಸಾಬ್ರೇ,” ಎಂದ ದೊಡ್ಡೀರಪ್ಪ. “ಅವನಿಗೆ ಎಲ್ಲದಕ್ಕೂ ಅವಸರ. ನೀವು ಹೇಳಿದಂಗೇ, ಲೀಟರಿಗೆ ಎರಡು ಮುಚ್ಚಳ. ಮೇಲೊಂದು ಕೊಸರು.”

ನೂರ್ ಅಹಮ್ಮದನ ಕೈ ನಿಂತಿತು. ಕೊಸರು. ಆ ಮಾತು ತನ್ನದೇ. ಯುಗಾದಿಗೆ ಎಂಜಿನ್ನಿನ ಸವೆದ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿದಾಗ, ಹೊಸ ಬೋರು ಸವೆಯಬಾರದೆಂದು, “ಒಂದು ತಿಂಗಳು ಎಣ್ಣೆ ಸ್ವಲ್ಪ ಕೊಸರು ಇರಲಿ” ಎಂದಿದ್ದ. ಒಂದು ಬೆರಳೆತ್ತಿ ತೋರಿಸಿಯೂ ಇದ್ದ. ಕೊಸರು ಎನ್ನದೆ ಬೇರೆ ಮಾತು ಹೇಳಿದ್ದರೆ ಮುದುಕನಿಗೆ ತಿಳಿಯುತ್ತಿರಲಿಲ್ಲವೇನೋ. ಆದರೆ ದೊಡ್ಡೀರಪ್ಪನ ಕೊಸರು ಎಂಥದ್ದೆಂದು ತನಗೆ ಗೊತ್ತಿರಬೇಕಿತ್ತು. ಎದುರಿನ ಹೋಟೆಲಿಗೆ ಹಾಲು ಅಳೆಯುವಾಗ, ಅಳತೆ ಮುಗಿದ ಮೇಲೂ ಪಾತ್ರೆಯ ಕಂಠ ಮೀರಿ ನೊರೆ ಚೆಲ್ಲುವವರೆಗೆ ಅವನು ಸುರಿಯುತ್ತಿದ್ದ. “ನಿನ್ನ ಕೊಸರಿನಾಗೆ ಇನ್ನೊಂದು ಮನೆ ನಡೀತೈತೆ,” ಎಂದು ತಿಪ್ಪೇರುದ್ರಮ್ಮ ಇದೇ ಬೆಂಚಿನ ಮೇಲೆ ಕೂತು ಛೇಡಿಸಿದ್ದಳು.

ಎಣ್ಣೆಯ ಬಾಟಲಿಯನ್ನೂ ಒಂದು ಖಾಲಿ ಡಬ್ಬವನ್ನೂ ಮುದುಕನ ಮುಂದಿಟ್ಟು, “ಹೆಂಗೆ ಹಾಕ್ತೀರಿ ತೋರಿಸ್ರಿ,” ಎಂದ.

ದೊಡ್ಡೀರಪ್ಪ ಎರಡು ಮುಚ್ಚಳ ಅಳೆದ. ಮೂರನೆಯದನ್ನೂ ತುಂಬಿ ಸುರಿದ. ಆಮೇಲೆ ಮುಚ್ಚಳ ಬದಿಗಿಟ್ಟು ಬಾಟಲಿಯನ್ನೇ ಬಗ್ಗಿಸಿದ. “ದುಡಿಯೋ ಜೀವ, ಸಾಬ್ರೇ. ಅದರ ಹೊಟ್ಟೆಗೆ ಕಮ್ಮಿ ಮಾಡಬಾರ್ದು.”

ರಸ್ತೆಯಾಚೆ ರಾಜಣ್ಣ ಟೀ ಲೋಟಗಳನ್ನು ಹಿಡಿದು ಬರುತ್ತಿದ್ದ. ಸುಮ್ಮನೆ ಫಾರಿನ್ ಪ್ಲಗ್ಗು ಹಾಕಿ ಕಳಿಸಬಹುದಿತ್ತು. ಅಪ್ಪ ಮಗ ಇಬ್ಬರೂ ನೆಮ್ಮದಿಯಿಂದ ಹೋಗುತ್ತಿದ್ದರು. ಆದರೆ ಈ ಎಣ್ಣೆಗೆ ಎಂಥ ಪ್ಲಗ್ಗಾದರೂ ಕಪ್ಪಾಗಲೇಬೇಕು. ಆಗ ಕಾವಲಿನ ನಡುವೆ ಹೆರಿಗೆ ನೋವಿನ ಹೆಂಗಸೊಬ್ಬಳು ಕೂತಿರುತ್ತಾಳೆ. ಹೇಳದೆ ಗತಿಯಿಲ್ಲ. ಹೇಳಿದರೆ, ಅವ್ವನನ್ನು ಅಪ್ಪನ ಕೈಯೇ ತಡೆದು ನಿಲ್ಲಿಸಿತೆಂದು ಮಗನಿಗೆ ತಿಳಿಯುತ್ತದೆ.

“ಪ್ಲಗ್ಗಿಂದಲ್ಲ ರಾಜ,” ಎಂದ ನೂರ್ ಅಹಮ್ಮದ್, ಟೀ ಮುಟ್ಟದೆ. “ಎಣ್ಣೆ ಹೆಚ್ಚಾಗೈತೆ. ತಪ್ಪು ನಂದು. ಬೋರ್ ಮಾಡಿದಾಗ ಕೊಸರು ಹಾಕ್ರಿ ಅಂದೆ. ಯಾವಾಗ ನಿಲ್ಲಿಸಬೇಕು ಅಂತ ಹೇಳಲೇ ಇಲ್ಲ.”

ರಾಜಣ್ಣನ ಕೈಯ ಲೋಟದಿಂದ ಟೀ ಬೆರಳ ಮೇಲೆ ಹರಿಯಿತು. ಅವನಿಗೆ ಬಿಸಿ ತಟ್ಟಿದಂತೆ ಕಾಣಲಿಲ್ಲ.

“ಅವ್ವನ್ನ ಹುಲ್ಲಿನ ಮೇಲೆ ಮಲಗಿಸಿ ಕಿಕ್ ಹೊಡೆದೀನಿ ನೂರಣ್ಣ. ಕಾಲು ಬಾತುಕೊಳ್ಳೋವರೆಗೂ ಹೊಡೆದೀನಿ. ನೀನು ಒಂದು ಮಾತು ಹೇಳಿದ್ರೆ...”

“ಹೌದಪ್ಪ.”

“ಎಷ್ಟು ನಂಬಿದ್ದೆ ನಿನ್ನ!”

ನೂರ್ ಅಹಮ್ಮದ್ ತಲೆ ತಗ್ಗಿಸಿದ. ಬೆಂಚು ಕಿರುಗುಟ್ಟಿತು. ದೊಡ್ಡೀರಪ್ಪ ಎದ್ದು ನಿಂತಿದ್ದ.

“ಸಾಬ್ರೇ, ನೀವು ಹೇಳಿದ್ರಿ.”

“ಇಲ್ಲ ಯಜಮಾನ್ರೇ, ನಿಮಗೆ ನೆನಪಿಲ್ಲ...”

“ನೆನಪೈತೆ. ಒಂದು ಬೆರಳು ತೋರಿಸಿ ಒಂದು ತಿಂಗಳು ಅಂದ್ರಿ.” ಮುದುಕ ಮಗನ ಕಡೆ ತಿರುಗಿದ. “ನಿಮ್ಮವ್ವ ಪಕ್ಕದಾಗೇ ಇದ್ಲು. ತಿಂಗಳಾತು ನಿಲ್ಲಿಸು ಅಂತ ಆಕೀನೂ ಹೇಳಿದ್ಲು. ಬರೀ ಅಳತೆ ಹಾಕಾಕೆ ನನ್ನ ಕೈ ಒಪ್ಪಲಿಲ್ಲ ಮಗಾ.”

ಶೇಂಗಾ ಮೂಟೆ ಹೇರಿದ ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ರಾಜಣ್ಣ ಲೋಟಗಳನ್ನು ನೆಲದ ಮೇಲಿಟ್ಟು ರಸ್ತೆಯಂಚಿನವರೆಗೆ ನಡೆದು, ಅವರಿಗೆ ಬೆನ್ನು ಹಾಕಿ ನಿಂತ. ನೂರ್ ಅಹಮ್ಮದ್ ಬೇರೇನೂ ತೋಚದೆ ಹಳೇ ಪ್ಲಗ್ಗನ್ನು ಉಪ್ಪುಕಾಗದದಲ್ಲಿ ತಿಕ್ಕಿ, ಮೂತಿ ಬೆಳಗಿಸಿ, ಮತ್ತೆ ಕೂರಿಸಿದ. ಟ್ಯಾಂಕಿನಲ್ಲಿದ್ದುದನ್ನೆಲ್ಲ ಬಸಿದು ಒಂದು ಲೀಟರ್ ಹೊಸ ಪೆಟ್ರೋಲು ಅಳೆದಿಟ್ಟ.

ಆ ಹೊತ್ತಿಗೆ ರಾಜಣ್ಣ ಹಿಂತಿರುಗಿದ. ಅವನ ಕಣ್ಣು ಕೆಂಪಾಗಿತ್ತು. ಎಣ್ಣೆಯ ಬಾಟಲಿ ಎತ್ತಿ ಅಪ್ಪನ ಮುಂದೆ ಹಿಡಿದ.

“ಹಾಕು.”

“ನಾನಿನ್ನು ಮುಟ್ಟಲ್ಲಪ್ಪ.”

“ನೀನೇ ಹಾಕ್ಬೇಕು. ನಾನು ನೋಡ್ತೀನಿ.”

ದೊಡ್ಡೀರಪ್ಪ ಒಂದು ಮುಚ್ಚಳ ಹಾಕಿದ. ಎರಡನೆಯದನ್ನೂ ಹಾಕಿದ. ಬಾಟಲಿ ಇನ್ನೂ ಬಾಗಿಯೇ ಇತ್ತು, ಎಣ್ಣೆ ಅದರ ಕಂಠದ ಅಂಚಿಗೆ ಬಂದು ನಿಂತಿತ್ತು. ಮಗ ಅದನ್ನು ಹಿಡಿಯಲಿಲ್ಲ, ಸುಮ್ಮನೆ ಕಾದ. ಕಡೆಗೆ ಬಾಟಲಿ ನೆಟ್ಟಗಾಯಿತು.

ಪೆಟ್ರೋಲನ್ನು ಟ್ಯಾಂಕಿಗೆ ಸುರಿದ ಮೇಲೆ ಗಾಡಿ ಎರಡನೇ ಕಿಕ್ಕಿಗೆ ಶುರುವಾಯಿತು. ಫಾರಿನ್ ಪ್ಲಗ್ಗಿನ ಡಬ್ಬಿಯನ್ನು ನೂರ್ ಅಹಮ್ಮದ್ ಮುಂದೆ ಮಾಡಿದ. ರಾಜಣ್ಣ ಅದನ್ನು ತಿರುಗಿ ನೋಡಲಿಲ್ಲ. “ಇಟ್ಕೊ, ಬ್ಯಾಡ,” ಎಂದ. ಹಿಂದೆ ಕೂತ ದೊಡ್ಡೀರಪ್ಪ ಮಗನ ಹೆಗಲು ಮುಟ್ಟದೆ ಸೀಟಿನ ಕಂಬಿ ಹಿಡಿದುಕೊಂಡ.

ಗಾಡಿ ಹೊರಟಿತು. ಸೈಲೆನ್ಸರಿನಿಂದ ನೀಲಿ ಹೊಗೆ ದಟ್ಟವಾಗಿ ಏಳುತ್ತಲೇ ಇತ್ತು. ನೂರ್ ಅಹಮ್ಮದ್ ಕೈ ಒರೆಸಿಕೊಳ್ಳುತ್ತ ಅದನ್ನೇ ನೋಡುತ್ತ ನಿಂತ. ಅಳತೆ ಸರಿಯಾಗಿತ್ತು. ಒಳಗೆ ಮೆತ್ತಿದ ಹಳೇ ಎಣ್ಣೆ ಉರಿದು ಮುಗಿಯಲು ಮಾತ್ರ ಇನ್ನೂ ಕೆಲವು ದಿನ ಬೇಕಿತ್ತು.