ಸ್ವಾವಲಂಬಿ ಗ್ರಾಮದ ಗೋರಿಗಳು

ಊರಿಗೆ ಯಾರಾದರೂ ಬರುತ್ತಾರೆಂದು ಗೊತ್ತಾದರೆ ಸಾಕು, ಪಂಟಾ ರೂಫಿನಾದ ಹೆಂಗಸರ ಕೈಗೆ ಪೊರಕೆ ತಾನಾಗಿಯೇ ಬಂದು ಸೇರುತ್ತದೆ. ಈ ಕರಾವಳಿಯ ಗರಿಫುನ ಜನಾಂಗದಲ್ಲಿ ಹುಟ್ಟಿದ ಮೇಲೆ ಇದು ಬಿಡದ ಚಾಳಿ. ಹೊಟ್ಟೆಗಿಲ್ಲದಿದ್ದರೂ ಅಂಗಳ ಗುಡಿಸಿರಬೇಕು, ಬಂದವರ ಕಣ್ಣಿಗೆ ಹರಕು ಮುರುಕು ಬೀಳಬಾರದು. ಇದನ್ನು ಬಲ್ಲವಳಾದ್ದರಿಂದಲೇ ನಾನು ಗ್ರಾಮ ಮಂಡಳಿಯ ಸಭೆಯಲ್ಲಿ ಮೇಜು ಗುದ್ದಿ ಹೇಳಿದ್ದೆ: ಗುರುವಾರ ಜಿಲ್ಲಾ ಕಚೇರಿಯ ಅಧಿಕಾರಿ ಬಂದು ಹೋಗುವ ತನಕ ಸ್ಮಶಾನದ ಕಡೆ ಯಾರೂ ಕಾಲಿಡಕೂಡದು.

ನಾನು ಫರ್ಮಿನಾ, ಹನ್ನೊಂದು ವರ್ಷದಿಂದ ಈ ಮಂಡಳಿಯ ಕಾರ್ಯದರ್ಶಿ. ಸಂಬಳವಿಲ್ಲದ, ಬೈಗುಳಕ್ಕೆ ಬರವಿಲ್ಲದ ಕೆಲಸ. ಬೆಲೀಜಿನ ಈ ತೆಂಕಣ ಕರಾವಳಿಯಲ್ಲಿ ಅಷ್ಟು ವರ್ಷಗಳಲ್ಲಿ ಸಮುದ್ರ ನಮ್ಮ ಸ್ಮಶಾನದ ಮೂರು ಸಾಲು ಗೋರಿಗಳನ್ನು ನುಂಗಿದೆ. ಕಲ್ಲಿನ ತಡೆಗೋಡೆ ಬೇಕೆಂದು ನಾನು ಹದಿಮೂರು ಅರ್ಜಿ ಬರೆದಿದ್ದೆ. ಹನ್ನೆರಡಕ್ಕೆ ಉತ್ತರವಿಲ್ಲ. ಹದಿಮೂರನೆಯದಕ್ಕೆ, ಖುದ್ದಾಗಿ ಬಂದು ನೋಡುತ್ತೇವೆ ಎಂದು ಬರೆದರು.

ಈಗ ದಂಡೆಯ ಅಂಚಿಗೆ ಬಂದಿದ್ದದ್ದು ನಾಲ್ಕನೆಯ ಸಾಲು. ಅದರಲ್ಲಿ ತುದಿಯದು ನನ್ನ ಅವ್ವನದು. ನಮ್ಮಲ್ಲಿ ಸತ್ತವರು ಕನಸಿಗೆ ಬಂದು ಸ್ನಾನ ಕೇಳುತ್ತಾರೆ. ಕೇಳಿದಾಗ ಒಂದು ಗುಂಡಿ ತೋಡಿ ಸಿಹಿನೀರು ಹೊಯ್ಯಬೇಕು. ಅವ್ವನಿಗೆ ನಾವು ಗೋರಿಯ ತಲೆದಿಸೆಯಲ್ಲೇ ಹೊಯ್ಯುತ್ತಿದ್ದೆವು. ಆ ತಲೆದಿಸೆಯ ಸಿಮೆಂಟು ಒಡೆದು, ಅಡಿಯ ಮರಳು ಜಾರಿ, ಪೆಟ್ಟಿಗೆಯ ಒಂದು ಮೂಲೆ ಹೊರಗೆ ಇಣುಕುತ್ತಿತ್ತು. ಅಧಿಕಾರಿ ಅದನ್ನು ಕಣ್ಣಾರೆ ನೋಡಲಿ ಎಂಬುದೇ ನನ್ನ ಆಸೆ. ನವೆಂಬರಿನ ಬಡಗಣ ಗಾಳಿ ಏಳುವ ಮೊದಲು ನಾಲ್ಕು ಲಾರಿ ಕಲ್ಲು ಬಿದ್ದರೂ ಅವ್ವ ಉಳಿಯುತ್ತಾಳೆ.

"ಫರ್ಮಿನಾ ಹೇಳೋದು ಸರಿಯಾಗೇ ಇದೆ," ಎಂದ ಚೇರ್ಮನ್ ಇಲಾರಿಯೊ. ಯಾರು ಏನು ಹೇಳಿದರೂ ಸರಿ ಎನ್ನುವ ಗಂಡಸು. ಆ ಗುಣದಿಂದಲೇ ಮೂರು ಸಲ ಗೆದ್ದಿದ್ದಾನೆ.

ಬುಧವಾರ ಬೆಳಿಗ್ಗೆ ದೊಡ್ಡವ್ವ ತಿಯೊದೋಸಿಯಾ ನನ್ನ ಬಾಗಿಲಿಗೆ ಬಂದಳು. ಅವ್ವನ ಅಕ್ಕ, ಎಂಬತ್ತೊಂದು ವರ್ಷ, ಬೆನ್ನು ಇನ್ನೂ ನೆಟ್ಟಗೆ. ಕೈಯಲ್ಲಿ ಸುಣ್ಣದ ಬಕೆಟ್ಟು, ಹಿಂದೆ ಏಳೆಂಟು ಹೆಂಗಸರು.

"ಏನೇ, ನಿಮ್ಮವ್ವನ್ನ ಆ ಪಟ್ಟಣದೋನಿಗೆ ಹಂಗೇ ತೋರಿಸ್ತೀಯಾ?"

"ಹಂಗೆ ಅಂದ್ರೆ?"

"ತಲೆ ಒಡ್ಕೊಂಡು, ಮೈ ಬಿಟ್ಕೊಂಡು. ಬದುಕಿದ್ದಾಗ ತಲೆಗೆ ವಸ್ತ್ರ ಕಟ್ಟದೆ ಅಂಗಳಕ್ಕಿಳಿದೋಳಲ್ಲ ಅವಳು."

"ದೊಡ್ಡವ್ವ, ಒಡೆದಿರೋದು ಕಂಡ್ರೇನೇ ಅವರು ಕಲ್ಲು ಕೊಡೋದು. ಸಿಂಗಾರ ಮಾಡಿಟ್ರೆ ಯಾಕ್ ಕೊಡ್ತಾರೆ?"

"ಕೊಡೋರಾಗಿದ್ರೆ ಹನ್ನೊಂದು ವರ್ಷ ಬೇಕಿತ್ತೇನೇ? ನಿನ್ನ ಕಲ್ಲು ಬರುತ್ತೋ ಬಿಡುತ್ತೋ, ಊರು ಮಾತ್ರ ಆಡ್ಕೊಳ್ಳುತ್ತೆ, ಮಗಳು ಹೆತ್ತವ್ವನ್ನ ಭಿಕ್ಷೆಗೆ ಕೂರಿಸಿದ್ಲು ಅಂತ."

ಆ ಮಾತು ಎದೆಗೆ ನಾಟಿತು. ಆದರೂ ಚಪ್ಪಲಿ ಮೆಟ್ಟಿಕೊಂಡು ಎಲ್ಲರಿಗಿಂತ ಮುಂದೆ ಸ್ಮಶಾನಕ್ಕೆ ಓಡಿದೆ, ತಡೆಯೋಣ ಎಂದು. ಅಲ್ಲಿ ನೋಡಿದರೆ ಗಂಡಸರು ಆಗಲೇ ಕೆಲಸ ಮುಕ್ಕಾಲು ಮುಗಿಸಿದ್ದರು. ದಂಡೆಯುದ್ದಕ್ಕೂ ತೆಂಗಿನ ದಿಮ್ಮಿ ಅಡ್ಡ ಇಟ್ಟು, ಗೂಟ ಹೊಡೆದು, ಹಿಂದೆ ಮರಳು ತುಂಬಿದ್ದರು. ಕೊಳೆತ ಕಡಲಪಾಚಿ ಬಾಚಿ ದೂರ ಎಸೆದಿದ್ದರು. ನಡುವೆ ಸಲಿಕೆ ಹಿಡಿದು ನಿಂತವನು ಇಲಾರಿಯೊ.

"ನೀವೂನಾ ಚೇರ್ಮನ್ರೇ?"

"ದೊಡ್ಡವ್ವ ಹೇಳೋದೂ ಸರಿಯಾಗೇ ಇದೆ ಕಣಮ್ಮ," ಎಂದು ಬೆವರು ಒರೆಸಿಕೊಂಡ.

ಇನ್ನು ಉಳಿದದ್ದು ಅವ್ವನ ಗೋರಿ ಒಂದೇ. ಅದನ್ನು ಮುಟ್ಟುವ ಹಕ್ಕು ಮನೆಯವರದು, ಅದಕ್ಕೇ ಬಿಟ್ಟಿದ್ದರು. ಅಧಿಕಾರಿಗೆ ತೋರಿಸಲು ಅದೊಂದು ಹಾಗೇ ಇದ್ದಿದ್ದರೆ ಸಾಕಿತ್ತು. ನಾನು ಬೇಡ ಎಂದಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ. ಹಿಂದೆಯೇ ಬಂದು ಸೇರಿದ ದೊಡ್ಡವ್ವ ಕುಂಚ ಚಾಚಿದಳು. ನಾನು ಆ ಪೆಟ್ಟಿಗೆಯ ಮೂಲೆಯನ್ನು ನೋಡಿದೆ. ಬೂಟು ಹಾಕಿಕೊಂಡ ಯಾವನೋ ಬಗ್ಗಿ ಅದನ್ನು ನೋಡುವುದನ್ನು ನೆನೆಸಿಕೊಂಡೆ. ಕುಂಚ ತೆಗೆದುಕೊಂಡೆ. ಮೂಲೆಯನ್ನು ಎರಡೂ ಅಂಗೈಯಿಂದ ಒಳಕ್ಕೆ ನೂಕಿ, ಮರಳು ಮೆತ್ತಿ, ಒಡಕಿಗೆ ಸಿಮೆಂಟು ತುಂಬಿ, ಎರಡು ಸಲ ಸುಣ್ಣ ಬಳಿದೆ. ಬೇರೆ ಯಾರ ಮೇಲೂ ತಪ್ಪು ಹೊರಿಸುವ ಹಾಗಿಲ್ಲ, ಬಳಿದವಳು ನಾನೇ.

ಗುರುವಾರ ಬಂದ ಅಧಿಕಾರಿ ಗಾಬೊರೆಲ್ ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಸಮಾಧಾನ ಪಡುತ್ತಿದ್ದೆ. ಒಳ್ಳೆಯ ಮನುಷ್ಯ. ತೆಂಗಿನ ಹಾಲಿನ ಮೀನುಸಾರು, ಕುಟ್ಟಿದ ಬಾಳೆಕಾಯಿ ಎರಡೆರಡು ಸಲ ಹಾಕಿಸಿಕೊಂಡು ಉಂಡ. ಸ್ಮಶಾನಕ್ಕೆ ಬಂದು ಟೋಪಿ ತೆಗೆದ.

"ಎಷ್ಟು ಚೆನ್ನಾಗಿ ಇಟ್ಕೊಂಡಿದೀರಿ!"

"ಸರ್, ಈ ಮರಳು ನಿನ್ನೆ ಹಾಕಿದ್ದು," ಎಂದೆ. "ಒಳಗೆ ಏನೂ ಗಟ್ಟಿಯಿಲ್ಲ. ಒದ್ದರೆ ಬೀಳುತ್ತೆ."

"ನಿನ್ನೆ? ಇಷ್ಟೂ ಒಂದೇ ದಿನದಲ್ಲಿ?"

"ಹೂಂ ಸರ್."

"ಯಾರ ಸಹಾಯಾನೂ ಇಲ್ದೆ?"

ಅವನ ಮುಖ ಅರಳಿತು.

"ನೋಡಮ್ಮ, ನಾನು ಹೋದ ಕಡೆಯೆಲ್ಲ ಕೊಡಿ ಕೊಡಿ ಅನ್ನೋರೇ. ತಾವೇ ಕೈ ಹಾಕಿ ಮಾಡ್ಕೊಳ್ಳೋ ಊರು ಇದೇ ಮೊದಲು ನೋಡಿದ್ದು."

"ಅದು ಹಾಗಲ್ಲ ಸರ್, ತೋರಿಸ್ತೀನಿ ನೋಡಿ," ಎಂದು ಅಂಚಿನ ದಿಮ್ಮಿಯನ್ನು ಒದೆಯಲು ಕಾಲೆತ್ತಿದೆ. ಆ ದಿಮ್ಮಿಯ ಹಿಂದೆ ಇದ್ದವಳು ಅವ್ವ. ದೊಡ್ಡವ್ವ ನನ್ನನ್ನೇ ನೋಡುತ್ತಿದ್ದಳು. ಎತ್ತಿದ ಕಾಲನ್ನು ಮೆಲ್ಲಗೆ ಕೆಳಗಿಟ್ಟೆ. ಗಾಬೊರೆಲ್ ಅವ್ವನ ಗೋರಿಯ ಫೋಟೋ ತೆಗೆದುಕೊಂಡ, ಹಿಂದೆ ನೀಲಿ ಸಮುದ್ರ ಬರುವ ಹಾಗೆ.

ಅಕ್ಟೋಬರಿನಲ್ಲಿ ಕಾಗದ ಬಂತು. ಸ್ಮಶಾನವು ತೃಪ್ತಿಕರ ಸ್ಥಿತಿಯಲ್ಲಿದೆ. ಗ್ರಾಮಸ್ಥರಿಗೆ ಸ್ವಂತ ಶ್ರಮದಿಂದ ನಿಭಾಯಿಸುವ ಶಕ್ತಿಯಿರುವುದು ಕಂಡುಬಂದಿರುವುದರಿಂದ, ತಡೆಗೋಡೆಯನ್ನು ಹೆಚ್ಚು ಅಗತ್ಯವಿರುವ ಗ್ರಾಮಕ್ಕೆ ಒದಗಿಸಲಾಗುವುದು. ಸಭೆಯಲ್ಲಿ ನಾನೇ ಓದಿ ಹೇಳಿದೆ. ಎರಡು ಸಲ ಓದಿಸಿದರು.

ನವೆಂಬರಿನ ಗಾಳಿಗೆ ನಮ್ಮ ದಿಮ್ಮಿಗಳು ಒಂದು ಬೆಳಗೂ ತಡೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾಲ್ಕನೆಯ ಸಾಲು ಪೂರ್ತಿ ಹೋಗಿತ್ತು. ಅವ್ವನ ಗೋರಿ ಒಮ್ಮೆ ವಾಲಿತು, ಬೆಳ್ಳಗೆ ಕಂಡಿತು, ಮುಗಿಯಿತು. ನಾನು ಕಿರುಚಿದೆನಂತೆ, ನನಗೆ ನೆನಪಿಲ್ಲ. ಇಲಾರಿಯೊ ಪಕ್ಕದಲ್ಲೇ ಇದ್ದ. ಅವತ್ತು ಅವನು ಯಾವುದನ್ನೂ ಸರಿ ಎನ್ನಲಿಲ್ಲ.

ಡಿಸೆಂಬರಿನಲ್ಲಿ ಜಿಲ್ಲಾ ಕಚೇರಿಯ ಗಾಡಿ ಒಂದು ತಗಡಿನ ಫಲಕ ತಂದು ಇಳಿಸಿತು. ಆಳೆತ್ತರದ್ದು, ಬಣ್ಣದ್ದು. 'ಜಿಲ್ಲೆಯ ಅತ್ಯುತ್ತಮ ಸ್ವಾವಲಂಬಿ ಗ್ರಾಮ' ಎಂಬ ದಪ್ಪಕ್ಷರದ ಕೆಳಗೆ ಅವ್ವನ ಗೋರಿಯ ಫೋಟೋ. ನನ್ನ ಕುಂಚದ ಗೆರೆ ಕೂಡ ಕಾಣುತ್ತಿತ್ತು. ಫಲಕ ತಲುಪಿದೆ ಎಂದು ಸಹಿ ಹಾಕಬೇಕಾದವಳು ಕಾರ್ಯದರ್ಶಿ. ಹಾಕಿದೆ. ಊರ ಬಾಗಿಲಲ್ಲಿ ಅದನ್ನು ನೆಟ್ಟು ಹೋದರು.

ಮೂರು ದಿನ ಕಳೆದು ದೊಡ್ಡವ್ವ ಬಂದಳು. ಬೆನ್ನು ಈಗ ಬಾಗಿತ್ತು. ಕೈಯಲ್ಲಿ ಅದೇ ಬಕೆಟ್ಟು, ತುಂಬ ಬಾವಿಯ ನೀರು.

"ಕನಸಿಗೆ ಬಂದಿದ್ಲು ಕಣೇ. ಮೈಯೆಲ್ಲ ಉಪ್ಪು ಉರೀತಿದೆ, ಸಿಹಿನೀರು ಹಾಕು ಅಂತಾಳೆ."

"ಎಲ್ಲಿ ಹಾಕ್ತೀಯ ದೊಡ್ಡವ್ವ?"

ಅವಳು ಸಮುದ್ರದ ಕಡೆ ನೋಡಿದಳು. ಆಮೇಲೆ ಊರ ಬಾಗಿಲ ಕಡೆ ತಿರುಗಿ ನಡೆದಳು. ನಾನು ಬಕೆಟ್ಟು ತೆಗೆದುಕೊಂಡು ಹಿಂದೆ ಹೋದೆ. ಫಲಕದ ಬುಡದಲ್ಲಿ, ಅವ್ವನ ಗೋರಿಯ ಫೋಟೋದ ಕೆಳಗೆ, ಇಬ್ಬರೂ ಕೂತು ಕೈಯಿಂದಲೇ ಗುಂಡಿ ತೋಡಿದೆವು. ಒಂದು ಮೊಳ ತೋಡುವಷ್ಟರಲ್ಲಿ ಒಳಗಿನಿಂದಲೇ ನೀರು ಜಿನುಗಿತು. ದೊಡ್ಡವ್ವ ಬೆರಳದ್ದಿ ನಾಲಿಗೆಗಿಟ್ಟುಕೊಂಡಳು.

"ಉಪ್ಪು," ಎಂದಳು.

ಆದರೂ ಬಕೆಟ್ಟನ್ನು ಬಗ್ಗಿಸಿ ನೀರು ಹೊಯ್ದೆವು.